ಓದುಗರ ಪ್ರಶ್ನೆ, ನಮ್ಮ ಉತ್ತರ: ಚೀಟಿ ಎತ್ತಿದ ಅಥೆನ್ಸ್, ಲೆಕ್ಕ ಕೇಳಿದ ಕೌಟಿಲ್ಯ

ಈ ಸಲದ ವಿಷಯ: ಪ್ರಾಚೀನರ ರಾಜಕೀಯ ಚಿಂತನೆಯಿಂದ ಇಂದಿನ ಸಮಾಜಕ್ಕೆ ಏನು ಸಿಗುತ್ತದೆ? ಸುಭಾಷಿತಗಳ ಬಗ್ಗೆ ಬಂದ ಪತ್ರಗಳನ್ನು ಬದಿಗಿಟ್ಟಿದ್ದೇವೆ. ಅಧಿಕಾರ ಯಾರ ಕೈಗೆ ಹೋಗಬೇಕು, ಹೋದ ಮೇಲೆ ಅವರ ಮೇಲೆ ಕಣ್ಣಿಡುವುದು ಹೇಗೆ ಎಂದು ಕೇಳಿದವರಿಗೆ ಇಲ್ಲಿ ಉತ್ತರಿಸಿದ್ದೇವೆ. ಹಳಬರು ನಿಜಕ್ಕೂ ತಲೆ ಕೆಡಿಸಿಕೊಂಡಿದ್ದು ಇದಕ್ಕೇ.

ಪ್ರಶ್ನೆ: ಅಥೆನ್ಸ್‌ನಲ್ಲಿ ಚೀಟಿ ಎತ್ತಿ ಅಧಿಕಾರಿಗಳನ್ನು ಆರಿಸುತ್ತಿದ್ದರು ಎಂದು ನಮ್ಮ ಪಠ್ಯದಲ್ಲಿ ಒಂದೇ ಒಂದು ಸಾಲಿದೆ. ಅದೃಷ್ಟ ನಂಬಿ ರಾಜ್ಯ ನಡೆಸುವುದು ಹುಚ್ಚಾಟವಲ್ಲವೆ?
(ಬಿ.ಎ. ವಿದ್ಯಾರ್ಥಿನಿ, ಧಾರವಾಡ)

ಅದೃಷ್ಟಕ್ಕೆ ಬಿಟ್ಟಿದ್ದು ಸ್ವಲ್ಪವೇ. ಅದರ ಹಿಂದೆ ಮುಂದೆ ಕಾವಲು ತುಂಬಾ ಇತ್ತು. ಕ್ರಿ.ಪೂ. 508ರ ಸುಮಾರಿಗೆ ಕ್ಲೈಸ್ತನೀಸ್ ಎಂಬ ನಾಯಕ ಮಾಡಿದ ಸುಧಾರಣೆಯಲ್ಲಿ ಅಥೆನ್ಸ್‌ನ ನಾಗರಿಕರನ್ನು 10 ಕುಲಗಳಾಗಿ ವಿಂಗಡಿಸಿದರು. ಪ್ರತಿ ಕುಲದಿಂದ 50 ಜನರಂತೆ 500 ಮಂದಿಯ ಸಭೆ. ವಯಸ್ಸು 30 ದಾಟಿರಬೇಕು, ಅವಧಿ ಒಂದು ವರ್ಷ, ಜೀವಮಾನದಲ್ಲಿ ಎರಡು ಸಲಕ್ಕಿಂತ ಹೆಚ್ಚು ಕೂರುವಂತಿಲ್ಲ. ಚೀಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಕುರ್ಚಿ ಸಿಗುತ್ತಿರಲಿಲ್ಲ. ಮೊದಲು ಪರಿಶೀಲನೆ. ಮುಖ್ಯ ಅಧಿಕಾರಿಗಳಿಗೆ ಕೇಳುತ್ತಿದ್ದ ಪ್ರಶ್ನೆಗಳು ಉಳಿದುಬಂದಿವೆ: ನಿನ್ನ ತಂದೆ ಯಾರು, ಅಪ್ಪ ಅಮ್ಮನನ್ನು ಸರಿಯಾಗಿ ನೋಡಿಕೊಳ್ಳುತ್ತೀಯಾ, ತೆರಿಗೆ ಕಟ್ಟಿದ್ದೀಯಾ, ಯುದ್ಧಕ್ಕೆ ಕರೆದಾಗ ಹೋಗಿದ್ದೀಯಾ. ಜಾಣತನದ ಪರೀಕ್ಷೆ ಮಾತ್ರ ಇರಲಿಲ್ಲ.

ಅವಧಿ ಮುಗಿದಾಗ ಲೆಕ್ಕ ಒಪ್ಪಿಸಬೇಕು. ಒಪ್ಪಿಸುವ ತನಕ ಅಧಿಕಾರಿ ಊರು ಬಿಟ್ಟು ಹೋಗುವಂತಿಲ್ಲ, ಆಸ್ತಿಯನ್ನು ದೇವರಿಗೆ ಮುಡಿಪು ಕೊಡುವಂತೆಯೂ ಇಲ್ಲ. ಯಾಕೆಂದರೆ ಬಾಕಿ ಬಂದರೆ ವಸೂಲಿಗೆ ಆಸ್ತಿ ಉಳಿದಿರಬೇಕು.

ನ್ಯಾಯಾಲಯದ ಚೀಟಿಯಂತೂ ಇನ್ನೂ ಬಿಗಿ. ವರ್ಷಕ್ಕೆ 6000 ಮಂದಿಯ ಪಟ್ಟಿ. ಬೆಳಿಗ್ಗೆ ಬಂದವರು ತಮ್ಮ ಹೆಸರು ಕೊರೆದ ಬಿಲ್ಲೆಯನ್ನು ‘ಕ್ಲೆರೊಟೆರಿಯನ್’ ಎಂಬ ಚಪ್ಪಡಿಯ ಸೀಳುಗಳಿಗೆ ಸೇರಿಸಲು ಕೊಡುತ್ತಿದ್ದರು. ಚಪ್ಪಡಿಯ ಪಕ್ಕದ ಕೊಳವೆಯಿಂದ ಕಪ್ಪು, ಬಿಳಿ ದಾಳಗಳು ಒಂದೊಂದಾಗಿ ಬೀಳುತ್ತವೆ. ಬಿಳಿ ಬಿದ್ದರೆ ಆ ಅಡ್ಡಸಾಲಿನವರೆಲ್ಲ ಆ ದಿನದ ನ್ಯಾಯದರ್ಶಿಗಳು, ಕಪ್ಪು ಬಿದ್ದರೆ ಮನೆಗೆ. ಆಯ್ಕೆಯಾದವರು ಯಾವ ನ್ಯಾಯಾಲಯಕ್ಕೆ ಎಂಬುದಕ್ಕೆ ಇನ್ನೊಂದು ಚೀಟಿ. ಹೀಗಾಗಿ ಹಿಂದಿನ ರಾತ್ರಿ ಲಂಚ ಹಿಡಿದು ಹೊರಟವನಿಗೆ ಯಾರ ಮನೆಗೆ ಹೋಗಬೇಕೆಂಬುದೇ ತಿಳಿಯುತ್ತಿರಲಿಲ್ಲ. ಈ ಯಂತ್ರದ ಒಂದು ತುಂಡನ್ನು ಅಥೆನ್ಸ್‌ನ ಅಗೋರಾ ಮ್ಯೂಸಿಯಂನಲ್ಲಿ ಈಗಲೂ ನೋಡಬಹುದು.

ನಿಮ್ಮ ಪಠ್ಯ ಬಿಟ್ಟಿರುವ ಒಂದು ಮಾತಿದೆ. ಸೇನಾನಾಯಕರು ಹತ್ತೂ ಜನ ಚುನಾವಣೆಯಿಂದಲೇ ಬರುತ್ತಿದ್ದರು, ಎಷ್ಟು ಸಲ ಬೇಕಾದರೂ ಮರುಆಯ್ಕೆ ಆಗಬಹುದಿತ್ತು. ಪೆರಿಕ್ಲೀಸ್ ವರ್ಷಗಟ್ಟಲೆ ಅಧಿಕಾರದಲ್ಲಿದ್ದುದು ಹಾಗೆ. ವಿಶೇಷ ಪರಿಣತಿ ಬೇಕಾದ ಕೆಲಸಕ್ಕೆ ಮತ, ಯಾರೂ ಕಲಿತು ಮಾಡಬಹುದಾದ ಕೆಲಸಕ್ಕೆ ಚೀಟಿ. ಚೀಟಿ ಪ್ರಜಾಪ್ರಭುತ್ವದ ಲಕ್ಷಣ, ಚುನಾವಣೆ ಕೆಲವರ ಆಳ್ವಿಕೆಯ ಲಕ್ಷಣ ಎಂದು ಭಾವಿಸಲಾಗಿದೆ ಎಂದು ಅರಿಸ್ಟಾಟಲ್ ‘ಪಾಲಿಟಿಕ್ಸ್’ನಲ್ಲಿ ಬರೆಯುತ್ತಾನೆ. ಚುನಾವಣೆಯಲ್ಲಿ ಹೆಸರು, ಹಣ, ಮಾತುಗಾರಿಕೆ ಇದ್ದವರೇ ಮೇಲೆ ಬರುತ್ತಾರೆ ಎಂಬುದು ನಮಗೆ ಹೊಸ ಸಂಗತಿಯೇನಲ್ಲ. ಹೆಂಗಸರು, ಗುಲಾಮರು, ಹೊರಗಿನಿಂದ ಬಂದು ನೆಲೆಸಿದವರು ಈ ಇಡೀ ವ್ಯವಸ್ಥೆಯ ಆಚೆಗಿದ್ದರು ಎಂಬುದನ್ನು ಪರೀಕ್ಷೆಯಲ್ಲಿ ಮರೆಯದೆ ಬರೆಯಿರಿ.

ಪ್ರಶ್ನೆ: ಗ್ರೀಸ್ ಯಾಕೆ? ಉತ್ತಿರಮೇರೂರಿನ ಚೋಳರ ಶಾಸನವೇ ಇದೆಯಲ್ಲ?
(ನಿವೃತ್ತ ಶಿಕ್ಷಕರು, ಕೋಲಾರ)

ಖಂಡಿತ ಇದೆ. ಕಾರ್ಯವಿಧಾನದ ವಿವರದಲ್ಲಿ ಅದು ಅಥೆನ್ಸ್‌ಗೇನೂ ಕಡಿಮೆಯಲ್ಲ. ಕಾಂಚೀಪುರಂ ಜಿಲ್ಲೆಯ ಆ ಊರಿನಲ್ಲಿ ಒಂದನೇ ಪರಾಂತಕನ ಕಾಲದ ಎರಡು ಶಾಸನಗಳಿವೆ, ಕ್ರಿ.ಶ. 919 ಮತ್ತು 921ರವು. ಮೊದಲನೆಯದರಲ್ಲಿದ್ದ ನಿಯಮವನ್ನು ಎರಡೇ ವರ್ಷದಲ್ಲಿ ತಿದ್ದಿ ಬಿಗಿ ಮಾಡಿದ್ದಾರೆ ಎಂಬುದೇ ಸ್ವಾರಸ್ಯ.

ಊರಿಗೆ 30 ವಾರ್ಡು. ಅಭ್ಯರ್ಥಿಗೆ ತೆರಿಗೆ ಕಟ್ಟುವ ಕಾಲು ವೇಲಿಗಿಂತ (ವೇಲಿ ಎಂದರೆ ಆಗಿನ ಭೂಮಿಯ ಅಳತೆ) ಹೆಚ್ಚು ಭೂಮಿ, ಸ್ವಂತ ನಿವೇಶನದಲ್ಲಿ ಮನೆ, 35ರಿಂದ 70ರೊಳಗಿನ ವಯಸ್ಸು ಇರಬೇಕು. ಹಿಂದಿನ ಮೂರು ವರ್ಷದಲ್ಲಿ ಯಾವ ಸಮಿತಿಯಲ್ಲೂ ಇದ್ದಿರಬಾರದು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಕೊಡದವನು ಅನರ್ಹ. ಅವನಷ್ಟೇ ಅಲ್ಲ, ಅವನ ಚಿಕ್ಕಮ್ಮ ದೊಡ್ಡಮ್ಮನ ಮಕ್ಕಳು, ಅತ್ತೆಯ ಮಕ್ಕಳು, ಸೋದರಮಾವ ಹೀಗೆ ಉದ್ದಕ್ಕೆ ಬಂಧುಗಳ ಪಟ್ಟಿಯನ್ನೇ ಕೊಟ್ಟು ಅವರನ್ನೂ ಹೊರಗಿಟ್ಟಿದ್ದಾರೆ. ಗಂಡನ ಬದಲು ಹೆಂಡತಿ, ಅಣ್ಣನ ಬದಲು ತಮ್ಮ ಎಂಬ ನಮ್ಮ ಪಂಚಾಯಿತಿ ಚುನಾವಣೆಯ ಉಪಾಯವನ್ನು ಅವರು ಆಗಲೇ ಕಂಡಿದ್ದರು ಎಂದಾಯಿತು.

ಹೆಸರು ಬರೆದ ಓಲೆಗಳನ್ನು ಕೊಡಕ್ಕೆ ಹಾಕಿ, ಒಳಗೇನಿದೆ ಎಂದು ತಿಳಿಯದ ಸಣ್ಣ ಹುಡುಗನಿಂದ ಎತ್ತಿಸಬೇಕು. ಮಧ್ಯಸ್ಥನು ಐದು ಬೆರಳನ್ನೂ ಬಿಡಿಸಿದ ಅಂಗೈಯಲ್ಲಿ ಅದನ್ನು ಪಡೆಯಬೇಕು. ಓದಬೇಕು, ಸಭೆಯಲ್ಲಿರುವ ಅರ್ಚಕರೂ ಓದಬೇಕು. ಬೆರಳು ಬಿಡಿಸಬೇಕೆಂಬ ನಿಯಮ ಕೈಚಳಕ ತಡೆಯಲು. ಹೀಗೆ ಆರಿಸಿದವರಲ್ಲಿ 12 ಜನ ವಾರ್ಷಿಕ ಸಮಿತಿಗೆ, 12 ಜನ ತೋಟದ ಸಮಿತಿಗೆ, 6 ಜನ ಕೆರೆ ಸಮಿತಿಗೆ. ಅವಧಿ 360 ದಿನ.

ಆದರೆ ಇದು ಬ್ರಾಹ್ಮಣರ ಅಗ್ರಹಾರದ ಸಭೆ, ಅರ್ಹತೆಯಲ್ಲಿ ವೇದಜ್ಞಾನವೂ ಇತ್ತು. ‘ನಮ್ಮಲ್ಲಿ ಸಾವಿರ ವರ್ಷದ ಹಿಂದೆಯೇ ಎಲ್ಲರಿಗೂ ಮತವಿತ್ತು’ ಎಂದು ವಾಟ್ಸ್ಯಾಪ್‌ನಲ್ಲಿ ಓಡಾಡುವುದು ಸುಳ್ಳು. ಎಲ್ಲರಿಗೂ ಸಿಕ್ಕಿದ್ದು 1950ರ ಸಂವಿಧಾನದಿಂದ.

ಪ್ರಶ್ನೆ: ನಮ್ಮದು 240 ಫ್ಲ್ಯಾಟುಗಳ ಅಪಾರ್ಟ್‌ಮೆಂಟ್. ವರ್ಷ ವರ್ಷ ಅದೇ ನಾಲ್ಕು ಜನ ಕಮಿಟಿಯಲ್ಲಿ. ಟ್ಯಾಂಕರ್ ನೀರಿನ ಬಿಲ್ಲು, ಡೀಸೆಲ್ ಖರ್ಚು ಕೇಳಿದರೆ ಜಗಳ. ಬೇರೆಯವರನ್ನು ನಿಲ್ಲಿ ಎಂದರೆ ಯಾರೂ ಮುಂದೆ ಬರುವುದಿಲ್ಲ. ಈ ಚೀಟಿ ಪದ್ಧತಿ ಇಲ್ಲಿ ನಡೆದೀತೆ?
(ನಿವಾಸಿ, ಬೆಂಗಳೂರು)

ನಡೆಯುತ್ತದೆ. ಆದರೆ ಆಡಳಿತ ಕಮಿಟಿಗೆ ಕೈ ಹಾಕಬೇಡಿ. ನಿಮ್ಮ ಸಂಘ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ಇರಲಿ, 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇರಲಿ, ಕಮಿಟಿ ಹೇಗೆ ಆಗಬೇಕೆಂದು ಬೈಲಾದಲ್ಲಿ ಬರೆದಿರುತ್ತದೆ. ಅದನ್ನು ಮೀರಿದರೆ ಮೊದಲ ಜಗಳದಲ್ಲೇ ಎಲ್ಲ ಬಿದ್ದುಹೋಗುತ್ತದೆ. ಸರ್ವಸದಸ್ಯರ ಸಭೆಯಲ್ಲಿ ನಿರ್ಣಯ ಮಾಡಿಸಿ 12 ಜನರ ಲೆಕ್ಕ ನೋಡುವ ತಂಡ ಮಾಡಿಕೊಳ್ಳಿ. ಬ್ಯಾಂಕ್ ಸ್ಟೇಟ್‌ಮೆಂಟ್, ವೋಚರ್, ಕೊಟೇಷನ್ ನೋಡುವ ಹಕ್ಕು ಅದಕ್ಕಿದೆ ಎಂದು ನಿರ್ಣಯದಲ್ಲೇ ಬರೆಸಿ. ಖರ್ಚು ಮಾಡುವ ಅಧಿಕಾರ ಕೊಡಬೇಡಿ. ಸಿ.ಎ. ಆಡಿಟ್ ತನ್ನ ಪಾಡಿಗೆ ನಡೆಯಲಿ.

ಮುಂದಿನದು ಪಟ್ಟಿ. ‘ಆಸಕ್ತರು ಹೆಸರು ಕೊಡಿ’ ಎಂದು ನೋಟಿಸ್ ಹಾಕಿದರೆ ಬರುವುದು ಮತ್ತೆ ಅದೇ ನಾಲ್ಕು ಹೆಸರು, ಜೊತೆಗೆ ಅವರ ಎದುರಾಳಿಗಳು. ಅದರ ಬದಲು ಎಲ್ಲ ಫ್ಲ್ಯಾಟುಗಳ ಹೆಸರನ್ನೂ ಪಟ್ಟಿಗೆ ಸೇರಿಸಿ, ಬೇಡವೆಂದವರು 15 ದಿನದಲ್ಲಿ ಬರೆದು ತಿಳಿಸಿ ಹೊರಗುಳಿಯಲಿ. ಈ ಒಂದು ತಿರುವಿನಿಂದ ಪಟ್ಟಿಯ ಬಣ್ಣವೇ ಬದಲಾಗುತ್ತದೆ. ಈಗಿನ ಕಮಿಟಿಯವರನ್ನು ಮತ್ತು ಅವರ ಮನೆಯವರನ್ನು ಹೊರಗಿಡಿ. ಉತ್ತಿರಮೇರೂರಿನ ಹಾಗೆ ಮೂರು ವರ್ಷದ ಅಂತರವನ್ನೂ ಇಡಿ.

ಎಲ್ಲ ಹೆಸರನ್ನೂ ಒಂದೇ ಡಬ್ಬಿಗೆ ಹಾಕುವುದು ಸಾಮಾನ್ಯವಾಗಿ ಆಗುವ ತಪ್ಪು. ನಿಮ್ಮಲ್ಲಿ ಐದರಲ್ಲೊಂದು ಫ್ಲ್ಯಾಟ್ ಬಾಡಿಗೆಯದು ಎಂದುಕೊಳ್ಳಿ. 12 ಚೀಟಿ ಎತ್ತಿದರೆ ನೂರರಲ್ಲಿ ಆರೇಳು ಸಲ ಒಬ್ಬ ಬಾಡಿಗೆದಾರನೂ ಬರುವುದಿಲ್ಲ. ಬಾಡಿಗೆದಾರರು ಹತ್ತರಲ್ಲೊಂದೇ ಆದರೆ ಹಾಗಾಗುವುದು ನಾಲ್ಕರಲ್ಲಿ ಒಂದು ಸಲಕ್ಕಿಂತ ಹೆಚ್ಚು. ತಂಡ ಸಣ್ಣದಾದಷ್ಟೂ ಚೀಟಿ ಅನ್ಯಾಯ ಮಾಡುವ ಸಂಭವ ಜಾಸ್ತಿ. ಅಥೆನ್ಸ್‌ನ 500ರಲ್ಲೂ ಕುಲವಾರು ಪಾಲು ಇಟ್ಟಿದ್ದರು ಎಂಬುದನ್ನು ನೆನಪಿಡಿ. ಹಾಗಾಗಿ ಬ್ಲಾಕ್‌ವಾರು ಡಬ್ಬಿ ಬೇರೆ, ಬಾಡಿಗೆದಾರರಿಗೆ ಬೇರೆ. ಅರ್ಧ ಹೆಂಗಸರು ಇರಲೇಬೇಕೆಂದು ಮೊದಲೇ ಗೊತ್ತು ಮಾಡಿ.

ಚೀಟಿ ಒಂದೇ ಕಾಗದ, ಒಂದೇ ಅಳತೆ, ಒಂದೇ ಮಡಿಕೆಯದ್ದಾಗಿರಲಿ, ಒಬ್ಬರೇ ಬರೆಯಲಿ. ಪಾರದರ್ಶಕ ಡಬ್ಬಿ, ಎಲ್ಲರ ಎದುರು, ಮಕ್ಕಳ ಕೈಯಿಂದ. 12 ಹೆಸರಿನ ಜೊತೆಗೆ ಪ್ರತಿ ಡಬ್ಬಿಯಿಂದ ಅಷ್ಟೇ ಮೀಸಲು ಹೆಸರನ್ನು ಕ್ರಮವಾಗಿ ಎತ್ತಿ ಬರೆದಿಡಿ. ಒಬ್ಬರು ಬಿಟ್ಟರೆ ಅದೇ ಡಬ್ಬಿಯ ಮುಂದಿನವರು ಬರಬೇಕು, ಕಾರ್ಯದರ್ಶಿಗೆ ಪರಿಚಯದವರಲ್ಲ. ‘ಲ್ಯಾಪ್‌ಟಾಪ್‌ನಲ್ಲಿ ಮಾಡಿಬಿಡೋಣ’ ಎಂದು ಯಾರಾದರೂ ಹೇಳೇ ಹೇಳುತ್ತಾರೆ, ಒಪ್ಪಬೇಡಿ. ಎಕ್ಸೆಲ್‌ನಲ್ಲಿ ರ್‍ಯಾಂಡಮ್ ಸಂಖ್ಯೆ ಕೊಡುವ ಸೂತ್ರ, ಹಾಳೆಯಲ್ಲಿ ಏನನ್ನಾದರೂ ತಿದ್ದಿದ ಕೂಡಲೇ ಹೊಸ ಸಂಖ್ಯೆ ತರುತ್ತದೆ. ಬೇಕಾದ ಹೆಸರು ಬರುವ ತನಕ ಒತ್ತುತ್ತಾ ಕೂರಬಹುದು. ಹಾಗೆ ಮಾಡದಿದ್ದರೂ ಮಾಡಿದಿರಿ ಎಂಬ ಅನುಮಾನ ಹೋಗುವುದಿಲ್ಲ.

ಅವಧಿ ಒಂದು ವರ್ಷ, ಆದರೆ ಆರು ತಿಂಗಳಿಗೊಮ್ಮೆ ಆರು ಜನ ಬದಲಾಗಲಿ. ಹನ್ನೆರಡೂ ಜನ ಒಟ್ಟಿಗೆ ಎದ್ದುಹೋದರೆ ಕಲಿತದ್ದೆಲ್ಲ ಅವರ ಜೊತೆಗೇ ಹೋಗುತ್ತದೆ. ಶುರುವಿನಲ್ಲಿ ಎರಡು ಭಾನುವಾರ ಜಮಾ ಖರ್ಚಿನ ಪಟ್ಟಿ ಓದುವುದನ್ನು ಖಜಾಂಚಿಯೇ ಕಲಿಸಲಿ. ಸಭೆಯಲ್ಲಿ ಮೊದಲು ಮಾತಾಡುವವರು ಯಾರೆಂಬುದನ್ನೂ ಚೀಟಿಯಿಂದ ನಿರ್ಧರಿಸಿ. ಇಲ್ಲದಿದ್ದರೆ ನಿವೃತ್ತ ಅಧಿಕಾರಿಗಳು ಒಬ್ಬಿಬ್ಬರು ಮಾತು ಹಿಡಿದು, ಉಳಿದವರು ತಲೆಯಾಡಿಸಿ ಎದ್ದುಹೋಗುತ್ತಾರೆ. ತಂಡ ಹಾಳಾಗುವುದು ಹೆಚ್ಚಾಗಿ ಇಲ್ಲೇ.

ಪ್ರಶ್ನೆ: ಇಲ್ಲಿ ಐರ್ಲೆಂಡ್‌ನಲ್ಲಿ ‘ನಾಗರಿಕರ ಸಭೆ’ ಎಂದು ಆಗಾಗ ಸುದ್ದಿ ಬರುತ್ತದೆ. ಅದೂ ಇದೇ ಜಾತಿಯದೆ?
(ಕನ್ನಡ ಓದುಗರು, ಡಬ್ಲಿನ್)

ಅದೇ ಜಾತಿ. 2016ರಲ್ಲಿ ಶುರುವಾದ ಸಭೆಯಲ್ಲಿ ಚೀಟಿಯಿಂದ ಬಂದ 99 ನಾಗರಿಕರು, ಅಧ್ಯಕ್ಷತೆಗೆ ಒಬ್ಬ ನ್ಯಾಯಾಧೀಶೆ. ಗರ್ಭಪಾತದ ಪ್ರಶ್ನೆಯನ್ನು ರಾಜಕಾರಣಿಗಳು ದಶಕಗಳ ಕಾಲ ಮುಟ್ಟಲು ಹೆದರಿದ್ದರು. ಸಭೆ ಐದು ವಾರಾಂತ್ಯ ಕೂತು ವೈದ್ಯರು, ವಕೀಲರು, ಎರಡೂ ಕಡೆಯ ಸಂಘಟನೆಗಳ ಮಾತು ಕೇಳಿ ಶಿಫಾರಸು ಮಾಡಿತು. 2018ರ ಮೇ 25ರ ಜನಮತ ಗಣನೆಯಲ್ಲಿ ಶೇ. 66.4 ಮಂದಿ ಸಂವಿಧಾನದಲ್ಲಿದ್ದ ಗರ್ಭಪಾತದ ನಿರ್ಬಂಧ ತೆಗೆಯಲು ಹೌದು ಎಂದರು.

ಎಡವಿದ್ದೂ ಇದೆ. ಖಾಲಿಯಾದ ಸ್ಥಾನಗಳಿಗೆ ಬದಲಿ ಸದಸ್ಯರನ್ನು ತರುವಾಗ ಏಳು ಜನರನ್ನು ನಿಯಮದ ಪ್ರಕಾರ ಆರಿಸಿರಲಿಲ್ಲ, ಪರಿಚಯದ ಮೂಲಕ ಸೇರಿಸಲಾಗಿತ್ತು ಎಂದು 2018ರಲ್ಲಿ ಬಯಲಾಯಿತು. ಮೇಲೆ ಅಪಾರ್ಟ್‌ಮೆಂಟಿನವರಿಗೆ ಮೀಸಲು ಪಟ್ಟಿಯ ಬಗ್ಗೆ ಅಷ್ಟು ಹೇಳಿದ್ದು ಇದಕ್ಕೇ. 2024ರ ಮಾರ್ಚ್‌ನಲ್ಲಿ ಕುಟುಂಬ ಮತ್ತು ಆರೈಕೆ ಕುರಿತ ಎರಡು ತಿದ್ದುಪಡಿಗಳು ಜನಮತದಲ್ಲಿ ದೊಡ್ಡ ಅಂತರದಿಂದ ಬಿದ್ದವು. ಅವುಗಳ ಹಿಂದೆಯೂ ನಾಗರಿಕರ ಸಭೆಯೊಂದರ ಶಿಫಾರಸಿತ್ತು, ಆದರೆ ಸರ್ಕಾರ ಮತಕ್ಕಿಟ್ಟ ವಾಕ್ಯಗಳು ಆ ಸಭೆ ಹೇಳಿದಂತೆ ಇರಲಿಲ್ಲ. ನಾಗರಿಕರ ಸಭೆಯ ಹೆಸರು ಹೇಳಿ ಸರ್ಕಾರ ತನ್ನ ಮಾತು ತೂರಿಸಿದರೆ ಜನ ಅದನ್ನು ಗುರುತಿಸುತ್ತಾರೆ ಎಂದು ನಮಗನಿಸುತ್ತದೆ.

ಪ್ರಶ್ನೆ: ಕೌಟಿಲ್ಯ ಎಂದರೆ ಕುತಂತ್ರ ಎಂದೇ ಎಲ್ಲರೂ ಹೇಳುತ್ತಾರೆ. ಕಚೇರಿ ಆಡಳಿತಕ್ಕೆ ಅವನಿಂದ ಏನಾದರೂ ಉಪಯೋಗವಿದೆಯೆ?
(ನಿವೃತ್ತ ತಾಲ್ಲೂಕು ಕಚೇರಿ ನೌಕರರು, ಹಾಸನ)

ಅವನ ‘ಅರ್ಥಶಾಸ್ತ್ರ’ ಗ್ರಂಥದ ಎರಡನೇ ಅಧಿಕರಣವನ್ನು (ಭಾಗವನ್ನು) ನಿಮ್ಮಂಥವರೇ ಓದಬೇಕು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಈ ಗ್ರಂಥದ ಓಲೆಪ್ರತಿ ಸಿಕ್ಕಿ, 1909ರಲ್ಲಿ ಮುದ್ರಣವಾಯಿತು. ಅಲ್ಲಿಯ ತನಕ ಹೆಸರು ಗೊತ್ತಿತ್ತು, ಪುಸ್ತಕ ಇರಲಿಲ್ಲ.

ಸರ್ಕಾರಿ ಹಣ ಕದಿಯಲು 40 ದಾರಿಗಳಿವೆ ಎಂದು ಅವನು ಪಟ್ಟಿ ಮಾಡುತ್ತಾನೆ. ಮೊದಲೇ ಬಂದ ಹಣವನ್ನು ತಡವಾಗಿ ಬರೆಯುವುದು, ಬಂದದ್ದನ್ನು ಬಂದಿಲ್ಲ ಎನ್ನುವುದು, ಬಾರದ್ದನ್ನು ಬಂದಿದೆ ಎನ್ನುವುದು, ಪೂರ್ತಿ ವಸೂಲಾದದ್ದನ್ನು ಅರ್ಧ ಎಂದು ತೋರಿಸುವುದು, ಒಬ್ಬನಿಂದ ಬಂದದ್ದನ್ನು ಇನ್ನೊಬ್ಬನ ಹೆಸರಿಗೆ ಹಾಕುವುದು. ನಗದು ಪುಸ್ತಕ ಬರೆದವರಿಗೆ ಇದರಲ್ಲಿ ಹೊಸದೇನೂ ಕಾಣಿಸದು. ಇಂದು ಕಟ್ಟಿದವನ ದುಡ್ಡಿನಿಂದ ನಿನ್ನೆಯವನ ರಸೀದಿ ತುಂಬಿಸುತ್ತಾ ಹೋಗುವ ಆಟ ಮೊದಲನೆಯದರ ಸೋದರ.

ವಿಚಾರಣೆಯ ಕ್ರಮವೂ ಅಷ್ಟೇ ಸ್ಪಷ್ಟ. ಅಧಿಕಾರಿ, ಭಂಡಾರಿ, ಬರೆದವನು, ಪಡೆದವನು, ಕೊಟ್ಟವನು, ಕೊಡಿಸಿದವನು ಇವರನ್ನು ಒಬ್ಬೊಬ್ಬರನ್ನೇ ಬೇರೆ ಬೇರೆ ಕೇಳಬೇಕು. ಸುಳ್ಳು ಹೇಳಿದವನಿಗೆ ಅಧಿಕಾರಿಗೆ ಆಗುವಷ್ಟೇ ಶಿಕ್ಷೆ. ‘ಈ ಅಧಿಕಾರಿಯಿಂದ ನಷ್ಟ ಅನುಭವಿಸಿದವರು ಬಂದು ಹೇಳಿ’ ಎಂದು ಅವನ ಕಾರ್ಯಕ್ಷೇತ್ರದಲ್ಲಿ ಸಾರಬೇಕು. ಸುಳಿವು ಕೊಟ್ಟು ಸಾಬೀತು ಮಾಡಿದವನಿಗೆ ಆ ಮೊತ್ತದ ಆರನೇ ಒಂದು ಪಾಲು, ಸುಳಿವು ಕೊಟ್ಟವನು ನೌಕರನೇ ಆಗಿದ್ದರೆ ಹನ್ನೆರಡನೇ ಒಂದು. ಸಾಬೀತಾಗದಿದ್ದರೆ ಶಿಕ್ಷೆ ಅವನಿಗೇ. ಈ ಕೊನೆಯ ನಿಯಮವನ್ನು ಈಗ ಎತ್ತಿಕೊಂಡರೆ ಅನಾಹುತ, ಯಾರೂ ಬಾಯಿ ಬಿಡುವುದಿಲ್ಲ. ಹಾಗೆಯೇ ಅಪರಾಧ ಒಂದೇ ಇದ್ದರೂ ವರ್ಣ ನೋಡಿ ಶಿಕ್ಷೆ ಬೇರೆ ಮಾಡುವ ಅವನ ಭಾಗಗಳನ್ನು ಅಲ್ಲೇ ಬಿಡಬೇಕು.

ಎತ್ತಿಕೊಳ್ಳಬೇಕಾದ್ದು ಇನ್ನೊಂದಿದೆ: ಇಲಾಖೆಗೆ ಮುಖ್ಯಸ್ಥರು ಹಲವರಿರಬೇಕು, ಯಾರೂ ಖಾಯಂ ಆಗಿರಬಾರದು. ನೀರಲ್ಲಿರುವ ಮೀನು ಯಾವಾಗ ನೀರು ಕುಡಿಯಿತೆಂದು ತಿಳಿಯದಂತೆ ಅಧಿಕಾರಿ ಹಣ ತಿಂದದ್ದೂ ತಿಳಿಯದು ಎಂಬ ಅವನ ಮಾತನ್ನು ಎಲ್ಲರೂ ಹೇಳುತ್ತಾರೆ. ಅದೇ ಅಧ್ಯಾಯದಲ್ಲಿರುವ ಈ ನಿಯಮವನ್ನು ಯಾರೂ ಹೇಳುವುದಿಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆಯ 17ನೇ ಸೆಕ್ಷನ್ನು ಗ್ರಾಮಸಭೆಗೆ ಸಾಮಾಜಿಕ ಲೆಕ್ಕಪರಿಶೋಧನೆ ವಹಿಸಿತು. ಹಾಜರಿ ಪಟ್ಟಿಯನ್ನು ಊರ ಮುಂದೆ ಗಟ್ಟಿಯಾಗಿ ಓದಿ, ‘ನೀನು ಆ ದಿನ ಕೆಲಸಕ್ಕೆ ಹೋಗಿದ್ದೆಯಾ’ ಎಂದು ಕೇಳುವುದು ಆ ‘ಬಂದು ಹೇಳಿ’ ಎಂಬ ಸಾರುವಿಕೆಯ ಮುಂದುವರಿಕೆಯಂತೆಯೇ ಇದೆ. ಓದುವವನು ಪಂಚಾಯಿತಿಯ ನೌಕರನೇ ಆದರೆ ಅದು ಕೆಡುತ್ತದೆ, ಓದುವವರು ಹೊರಗಿನವರಾಗಿರಬೇಕು.

ಪ್ರಶ್ನೆ: ಹಡಗು ನಡೆಸಲು ನಾವಿಕ ಬೇಕು, ಪ್ರಯಾಣಿಕರ ಮತವಲ್ಲ ಎಂದು ಪ್ಲೇಟೋ ಹೇಳಿದ್ದು ಸರಿಯಲ್ಲವೆ? ಓದು ಬಾರದವರು ಕೆರೆ ಯೋಜನೆ ತೀರ್ಮಾನಿಸುವುದೇ?
(ಎಂಜಿನಿಯರ್, ತುಮಕೂರು)

ಪ್ಲೇಟೋನ ಶಿಷ್ಯ ಅರಿಸ್ಟಾಟಲನೇ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ಮನೆ ಹೇಗಿದೆ ಎಂದು ಕಟ್ಟಿದವನಿಗಿಂತ ಅದರಲ್ಲಿ ಇರುವವನು ಚೆನ್ನಾಗಿ ಹೇಳಬಲ್ಲ, ಅಡುಗೆಯ ರುಚಿಯನ್ನು ಅಡುಗೆಯವನಿಗಿಂತ ಊಟಕ್ಕೆ ಕೂತವನು. ಏರಿಯ ಇಳಿಜಾರು, ಕೋಡಿಯ ಅಗಲ ನಿಮ್ಮ ಲೆಕ್ಕ. ಅದಕ್ಕೆ ಮತ ಹಾಕಿಸಬಾರದು. ಯಾವ ತೂಬು ಯಾವಾಗ ತೆಗೆಯಬೇಕು, ಕೊನೆಯ ಗದ್ದೆಗೆ ನೀರು ಯಾಕೆ ತಲುಪುತ್ತಿಲ್ಲ ಎಂಬುದು ನೀರುಗಂಟಿಗೂ ಕೊನೆಯ ಗದ್ದೆಯವನಿಗೂ ಗೊತ್ತು. ಈ ಎರಡನ್ನೂ ಕಲಸಿದಾಗಲೇ ಯೋಜನೆ ಹಾಳಾಗುವುದು.

ಪ್ರಶ್ನೆ: ಜನರ ಗುಂಪು ತಪ್ಪು ಮಾಡಿದರೆ?
(ಓದುಗರು, ಶಿವಮೊಗ್ಗ)

ಮಾಡಿದೆ. ಕ್ರಿ.ಪೂ. 406ರಲ್ಲಿ ಅರ್ಗಿನೂಸೆಯ ಸಮುದ್ರಯುದ್ಧವನ್ನು ಗೆದ್ದುಬಂದ ಅಥೆನ್ಸ್‌ನ ಸೇನಾನಾಯಕರು, ಬಿರುಗಾಳಿಯಲ್ಲಿ ನೀರಿಗೆ ಬಿದ್ದವರನ್ನು ಎತ್ತಲಿಲ್ಲವೆಂದು ಆರೋಪಕ್ಕೆ ಗುರಿಯಾದರು. ಒಬ್ಬೊಬ್ಬರನ್ನೇ ಬೇರೆ ವಿಚಾರಿಸಬೇಕೆಂಬ ಕ್ರಮವನ್ನು ಬಿಟ್ಟು, ಎಲ್ಲರಿಗೂ ಸೇರಿಸಿ ಒಂದೇ ಮತ ಹಾಕಿಸಿ, ಕೈಗೆ ಸಿಕ್ಕ ಆರು ಜನರನ್ನು ಕೊಂದರು. ಆಗ ಸಭೆ ನಡೆಸುವ ಸರದಿಯಲ್ಲಿದ್ದ ತತ್ವಜ್ಞಾನಿ ಸಾಕ್ರಟೀಸ್ ಇದು ಕಾನೂನಿಗೆ ವಿರುದ್ಧ ಎಂದು ಒಪ್ಪಲಿಲ್ಲ, ಅವನ ಮಾತು ನಡೆಯಲಿಲ್ಲ. ಆಮೇಲೆ ಊರೇ ಪಶ್ಚಾತ್ತಾಪ ಪಟ್ಟಿತು. ಕ್ರಿ.ಪೂ. 403ರ ನಂತರ ಅವರು ಕಾನೂನು ಬೇರೆ, ಸಭೆಯ ದಿನದ ನಿರ್ಣಯ ಬೇರೆ ಎಂದು ವಿಂಗಡಿಸಿದರು. ನಿರ್ಣಯ ಕಾನೂನನ್ನು ಮೀರುವಂತಿಲ್ಲ ಎಂದಾಯಿತು.

ಇನ್ನೊಂದು, ಬಹಿಷ್ಕಾರದ ಮತ. ಮಡಕೆ ಚೂರಿನ ಮೇಲೆ ಹೆಸರು ಕೊರೆದು ಹಾಕುವುದು. 6000 ಚೂರು ಬಿದ್ದರೆ ಒಬ್ಬನು 10 ವರ್ಷ ಊರು ಬಿಡಬೇಕು, ಆಸ್ತಿ ಮಾತ್ರ ಉಳಿಯುತ್ತದೆ. ಅಥೆನ್ಸ್‌ನ ಅಕ್ರೊಪೊಲಿಸ್ ಗುಡ್ಡದ ಬಾವಿಯೊಂದರಲ್ಲಿ ತೆಮಿಸ್ಟೊಕ್ಲೀಸ್ ಎಂಬ ನಾಯಕನ ಹೆಸರಿದ್ದ ಸುಮಾರು 190 ಚೂರು ಸಿಕ್ಕಿವೆ. ಅಕ್ಷರ ನೋಡಿದರೆ ಹದಿನಾಲ್ಕೇ ಕೈಗಳು ಅಷ್ಟನ್ನೂ ಬರೆದಿವೆ. ಮೊದಲೇ ಬರೆದಿಟ್ಟು ಹಂಚಲು ತಯಾರಾದ ಚೂರುಗಳು. ಒಂದೇ ಸಂದೇಶವನ್ನು ನೂರು ಖಾತೆಗಳಿಂದ ಹಾಕಿಸುವ ಇಂದಿನ ಕಸುಬಿನವರು ಇದನ್ನು ನೋಡಿದರೆ ಖುಷಿಪಡುತ್ತಾರೆ.

ಪ್ರಶ್ನೆ: ಬೌದ್ಧ ಸಂಘದಲ್ಲಿ ಮತದಾನವಿತ್ತೆ?
(ಓದುಗರು, ಚಾಮರಾಜನಗರ)

ಇತ್ತು. ‘ಸಲಾಕಾ’ ಎಂಬ ಕಡ್ಡಿಗಳಿಂದ. ಗುಟ್ಟಾಗಿ, ಕಿವಿಯಲ್ಲಿ ಹೇಳಿ, ಬಹಿರಂಗವಾಗಿ ಎಂದು ಮೂರು ಬಗೆ. ಕಡ್ಡಿ ಸಂಗ್ರಹಿಸುವವನು ಪಕ್ಷಪಾತ, ದ್ವೇಷ, ಮೌಢ್ಯ, ಭಯ ಇಲ್ಲದವನಾಗಿರಬೇಕು. ಸಂಘಗಳಿಗೆ ನಿರ್ಣಯ, ಕೋರಂ, ವಿಪ್, ಮತ ಎಣಿಕೆ ಎಲ್ಲ ಗೊತ್ತಿತ್ತು ಎಂದು ಡಾ. ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಹೇಳಿದರು. ಆದರೆ ಧರ್ಮಕ್ಕೆ ವಿರುದ್ಧವಾದ ಪಕ್ಷಕ್ಕೆ ಬಹುಮತ ಬಂದರೆ, ಮತ ಸರಿಯಾಗಿ ಆಗಿಲ್ಲ ಎಂದು ಸಂಗ್ರಾಹಕನೇ ತಳ್ಳಿಹಾಕಬಹುದಿತ್ತು. ಒಂದೇ ನಂಬಿಕೆಯ ಸನ್ಯಾಸಿಗಳಲ್ಲಿ ಅದು ನಡೆದೀತು. ಚುನಾವಣಾಧಿಕಾರಿಗೆ ಅಂಥ ಅಧಿಕಾರ ಕೊಡಲಾಗದು.

ಪ್ರಶ್ನೆ: ಅನುಭವ ಮಂಟಪ ಜಗತ್ತಿನ ಮೊದಲ ಸಂಸತ್ತು. ಇದನ್ನು ಯಾಕೆ ಹೇಳುವುದಿಲ್ಲ?
(ಓದುಗರು, ಕಲಬುರಗಿ)

ಸಂಸತ್ತಿನ ಕೆಲಸ ಕಾನೂನು ಮಾಡುವುದು, ತೆರಿಗೆ ಒಪ್ಪುವುದು, ಸರ್ಕಾರವನ್ನು ಪ್ರಶ್ನಿಸುವುದು. 12ನೇ ಶತಮಾನದ ಕಲ್ಯಾಣದಲ್ಲಿ ಅದನ್ನೆಲ್ಲ ಮಾಡುತ್ತಿದ್ದುದು ಬಿಜ್ಜಳನ ಆಸ್ಥಾನ, ಶರಣರ ಗೋಷ್ಠಿಯಲ್ಲ. ಗೋಷ್ಠಿಯ ಚರ್ಚೆಗಳನ್ನು ಸಂವಾದದ ರೂಪದಲ್ಲಿ ನಮಗೆ ಕೊಡುವ ಶೂನ್ಯಸಂಪಾದನೆಗಳು 15ನೇ ಶತಮಾನದಿಂದ ಈಚಿನವು. ಹೀಗಾಗಿ ಅವುಗಳನ್ನು ಸಭೆಯ ನಡವಳಿ ಪುಸ್ತಕದಂತೆ ಓದಬಾರದು.

ಆದರೆ ಮೇಲಿನ ಯಾವ ವ್ಯವಸ್ಥೆಯಲ್ಲೂ ಕಾಣದ ಒಂದು ಸಂಗತಿ ವಚನಗಳಲ್ಲಿದೆ. ಅಥೆನ್ಸ್‌ನ ಸಭೆಯಲ್ಲಿ ಹೆಂಗಸಿಗೆ ಬಾಯಿಲ್ಲ, ಉತ್ತಿರಮೇರೂರಿನ ಕೊಡದಲ್ಲಿ ದುಡಿಯುವವನ ಓಲೆಯಿಲ್ಲ. ಇಲ್ಲಿ ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ, ಸೂಳೆ ಸಂಕವ್ವೆ ತಮ್ಮ ಕಸುಬಿನ ಹೆಸರಿನಲ್ಲೇ ಮಾತಾಡುತ್ತಾರೆ. ಆಯ್ದಕ್ಕಿ ಲಕ್ಕಮ್ಮ, ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ವಾಪಸ್ ಕಳಿಸಿ ಅದನ್ನು ಅಲ್ಲೇ ಸುರಿದು ಬರಲು ಹೇಳುತ್ತಾಳೆ. ನಿಮ್ಮೂರ ಗ್ರಾಮಸಭೆಯಲ್ಲಿ ಇದನ್ನು ಬಳಸಬೇಕೆಂದರೆ ಒಂದು ಕೆಲಸ ಮಾಡಿ: ಅಧ್ಯಕ್ಷರ ಭಾಷಣವನ್ನು ಕೊನೆಗೆ ಹಾಕಿಸಿ, ಕೂಲಿಯವರು ಮತ್ತು ಹೆಂಗಸರು ಮೊದಲ ಒಂದು ಗಂಟೆ ಮಾತಾಡಲಿ, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ನಡವಳಿಯಲ್ಲಿ ಬರೆಸಿ. ಸಹಿ ಹಾಕಿಸಿಕೊಳ್ಳುವ ಮುಂಚೆ ಅದನ್ನು ಓದಿ ಹೇಳಿಸಿ. ಸಭೆಗೆ ಮುಂಚೆಯೇ ಖಾಲಿ ಪುಸ್ತಕದಲ್ಲಿ ಸಹಿ ತೆಗೆದುಕೊಳ್ಳಲು ಬಂದರೆ ಹಾಕಬೇಡಿ.